ಡ್ರಿಲ್ ಮಿಸ್ ಸುರಿದ ನೀಲಿ

ಮೊನ್ನೆ ನಮ್ಮ ಸೊಸೆ ನನ್ನ ಬಿಳಿ ಪಂಚೆಗಳನ್ನು ಒಗೆದು, ಕೊನೆಯ ಬಕೆಟ್ಟಿನಲ್ಲಿ ಜಾಲಿಸುತ್ತಿದ್ದಳು. ಪಕ್ಕದಲ್ಲಿ ನೀಲಿಯ ಬಾಟಲಿ ಇತ್ತು. ಮನೆಗೆ ಮೆಷಿನ್ ಬಂದ ಮೇಲೆ ನೀಲಿ ಬೇಕಾಗುವುದು ನನ್ನ ಪಂಚೆಗೆ ಮಾತ್ರ. ಮುಚ್ಚಳ ತೆಗೆದು ಒಂದು ಹನಿ ಬಿಟ್ಟಳು. ಅದು ಮೊದಲು ದಾರದ ಹಾಗೆ ನೀರಿನೊಳಗೆ ಇಳಿಯಿತು, ಆಮೇಲೆ ಹೊಗೆಯ ಹಾಗೆ ಹರಡಿತು. ನಾನು ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದೆ.

"ಏನ್ ಮಾವ, ಕಾಫಿ ಬೇಕಾ?" ಎಂದಳು.

ಬೇಡ ಎಂದು ಹೊರಗೆ ಬಂದು ಕೂತೆ. ನನಗೆ ನೆನಪಾಗಿದ್ದು ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಡ್ರಿಲ್ ಮಿಸ್…

ಅವರು ಬಂದಾಗ ಮೆಟ್ರೋ ಎನ್ನುವುದು ಇನ್ನೂ ಪೇಪರಿನಲ್ಲಿ ಮಾತ್ರ ಓಡುತ್ತಿತ್ತು. ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ಹೋಗುವುದೆಂದರೆ ಅರ್ಧ ದಿನದ ಕೆಲಸ. ನಮ್ಮ ಅಪ್ಪನ ಕಾಲದ ರಾಗಿ ಹೊಲ ಸೈಟುಗಳಾಗಿ, ಆ ಸೈಟುಗಳಲ್ಲೊಂದರಲ್ಲಿ ನಾನು ಮನೆ ಕಟ್ಟಿಸಿದ್ದೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಮನೆಯ ಹಿಂಭಾಗಕ್ಕೆ ರಾಜಕಾಲುವೆ. ಅದು ಸ್ವಲ್ಪ ದೂರ ಹರಿದು ಕೆರೆಗೆ ಬೀಳುತ್ತದೆ. ಕೆರೆ ತುಂಬಿದರೆ ಕೋಡಿಯ ನೀರು ವೃಷಭಾವತಿಗೆ.

ಮಿಸ್ ರಾಜಾಜಿನಗರದ ಕಡೆ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದು ರಿಟೈರಾದವರು. ಮದುವೆಯಾಗಿರಲಿಲ್ಲ. ಮನೆ ನೋಡಲು ಬಂದ ದಿನವೇ ಅವರ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಕಂಡು ನನ್ನ ಹೆಂಡತಿ ಒಳಗೆ ಹೋಗಿ ನಕ್ಕಿದ್ದಳು. ಮಹಡಿಯ ಬಾಲ್ಕನಿಯಲ್ಲಿ ನಿಂತು, ಹಸಿರಾಗಿ ಹರಡಿಕೊಂಡಿದ್ದ ಬಯಲನ್ನು ನೋಡಿ, "ಅದೇನು ಮೈದಾನಾನಾ?" ಎಂದು ಕೇಳಿದರು.

"ಮೈದಾನ ಅಲ್ಲ ಮಿಸ್, ಕೆರೆ. ಅಂತರಗಂಗೆ ಬೆಳ್ಕೊಂಡಿದೆ."

ಅವರು ಕಂಬಿಯ ಮೇಲೆ ಬಗ್ಗಿ ನೋಡಿದರು. "ನೀವು ಇದ್ರಲ್ಲಿ ಈಜಿದ್ದೀರಾ?"

"ಈಜು ಕಲ್ತಿದ್ದೇ ಇದ್ರಲ್ಲಿ."

"ಹಾಗಾದ್ರೆ ಈ ಮನೆ ನಂಗಿರ್ಲಿ," ಎಂದರು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಅಡುಗೆಮನೆ ಎಷ್ಟು ದೊಡ್ಡದು, ಏನೂ ಕೇಳಲಿಲ್ಲ.

ಮರುವಾರದಿಂದ ಕೆರೆಯ ಏರಿಯ ಮೇಲೆ ಅವರ ವಾಕಿಂಗ್ ಶುರುವಾಯಿತು. ಆಗ ಏರಿಯ ಮೇಲೆ ನಡೆಯುವವರು ಯಾರೂ ಇರಲಿಲ್ಲ. ಮೂಗು ಮುಚ್ಚಿಕೊಂಡು ದಾಟುವವರು ಇದ್ದರು, ಸ್ಕೂಟರಿನಲ್ಲಿ ಬಂದು ಕಸದ ಕವರು ಎಸೆದು ಹೋಗುವವರು ಇದ್ದರು. ಮಿಸ್ ಕುತ್ತಿಗೆಯಲ್ಲಿ ಸ್ಕೂಲಿನ ಕಾಲದ ಸೀಟಿ ನೇತುಹಾಕಿಕೊಂಡು ಹೋಗುತ್ತಿದ್ದರು. ಯಾರಾದರೂ ಕವರು ಎಸೆದರೆ ಪೀ ಎಂದು ಊದುತ್ತಿದ್ದರು. "ಯಾರದು, ಕೆಂಪು ಟೀ ಶರ್ಟು! ವಾಪಸ್ ಎತ್ಕೋ!" ನೀವು ನಂಬುವುದಿಲ್ಲ, ಆ ಮೀಸೆ ಬಂದ ಗಂಡಸು ಇಳಿದು ಹೋಗಿ ಕವರು ಎತ್ತಿಕೊಳ್ಳುತ್ತಿದ್ದ. ಚಿಕ್ಕಂದಿನಲ್ಲಿ ಯಾವುದೋ ಒಂದು ಸೀಟಿಗೆ ಎಲ್ಲರೂ ಸಾಲಿನಲ್ಲಿ ನಿಂತವರೇ ಅಲ್ಲವೇ. ಆ ಭಯ ಹೋಗುವುದಿಲ್ಲ.

ಹೀಗೇ ಒಬ್ಬೊಬ್ಬರಾಗಿ ಜನ ಸೇರಿದರು. ಹಾಲಿನ ಬೂತಿನವನು, ಬಸ್ ಡಿಪೋದಲ್ಲಿ ಕೆಲಸ ಮಾಡುವವರು, ಪಕ್ಕದ ಲೇಔಟಿನ ಹೆಂಗಸರು. ಭಾನುವಾರ ಬೆಳಿಗ್ಗೆ ಸಾಲಾಗಿ ನಿಲ್ಲಿಸಿ, ಕೈಯಿಂದ ಕೈಗೆ ಬುಟ್ಟಿ ದಾಟಿಸಿ ಅಂತರಗಂಗೆ ಎಳೆದು ಹಾಕಿಸುತ್ತಿದ್ದರು. ಕೆರೆಗೊಂದು ಸಂಘ ಆಯಿತು. ಅಧ್ಯಕ್ಷ ಯಾರು ಎಂಬ ಮಾತು ಬಂದಾಗ ಮಿಸ್ ನನ್ನ ಕಡೆ ತೋರಿಸಿ, "ಇವರ ತಂದೆ ಈ ಕೆರೆಯ ನೀರುಗಂಟಿ ಆಗಿದ್ರಂತೆ. ಇನ್ಯಾರು ಆಗ್ಬೇಕು?" ಎಂದರು. ಅಂದಿನಿಂದ ನನ್ನನ್ನು "ಅಧ್ಯಕ್ಷರೇ" ಎಂದೇ ಕರೆಯತೊಡಗಿದರು. ಅದರಲ್ಲಿ ಅರ್ಧ ತಮಾಷೆ ಇತ್ತು, ಅರ್ಧ ಗೌರವವೂ ಇತ್ತು. ನನಗಂತೂ ಆ ಹೆಸರು ಬಹಳ ಹಿಡಿಸಿತ್ತು.

ಅಪ್ಪ ನೀರುಗಂಟಿ ಆಗಿದ್ದು ನಿಜ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಬಿಡುವ ಕೆಲಸ ನಮ್ಮ ಮನೆತನದ್ದು. ತೂಬಿನ ಹತ್ತಿರ ಹೋಗುವಾಗ ಅಪ್ಪ ಚಪ್ಪಲಿ ಬಿಡುತ್ತಿದ್ದ. ನೀರಿಗೆ ಉಗಿದ ಒಬ್ಬ ದೊಡ್ಡ ರೈತನಿಗೆ ಆ ಸಲ ನೀರನ್ನೇ ಬಿಟ್ಟಿರಲಿಲ್ಲ ಎಂದು ಊರಿನವರು ಹೇಳುತ್ತಿದ್ದರು. ಅಂಥವನ ಮಗ ನಾನು.

ಈಗ ನನ್ನ ವಿಷಯ ಹೇಳಿಬಿಡುತ್ತೇನೆ.

ಮನೆ ಕಟ್ಟಿಸುವಾಗ ರಸ್ತೆಯ ಒಳಚರಂಡಿ ನಮ್ಮ ಸೈಟಿಗಿಂತ ಎತ್ತರದಲ್ಲಿತ್ತು. ಸೈಟಿನ ಇಳಿಜಾರು ಹಿಂದಕ್ಕೆ, ಕಾಲುವೆಯ ಕಡೆಗೆ. ಬಚ್ಚಲು ಕಕ್ಕಸಿನ ನೀರು ರಸ್ತೆಗೆ ಹೋಗಬೇಕಾದರೆ ಹಿಂದೆ ಗುಂಡಿ ತೋಡಿ, ಪಂಪ್ ಇಟ್ಟು ಮೇಲಕ್ಕೆ ಎತ್ತಬೇಕು. ಮೇಸ್ತ್ರಿ ತಲೆ ಕೆರೆದುಕೊಂಡು, "ಗುಂಡಿ ಮಾಡೋಣ್ವಾ, ಇಲ್ಲಾ ಹಿಂದುಗಡೆ ಬಿಟ್ಬಿಡ್ಲಾ ಸಾರ್?" ಎಂದು ಕೇಳಿದ. ಸುತ್ತಮುತ್ತ ಎಲ್ಲರೂ ಹಿಂದುಗಡೆಯೇ ಬಿಟ್ಟಿದ್ದರು. ನಾನೂ ಬಿಡು ಎಂದೆ. ಕಾಲುವೆಯ ಗೋಡೆಗೆ ತೂತು ಕೊರೆದು ಪೈಪು ಬಿಟ್ಟು, ಮೇಲೆ ಚಪ್ಪಡಿ ಎಳೆದ. ಚಪ್ಪಡಿಯ ಪಕ್ಕ ನಾನೇ ಒಂದು ನಂದಿಬಟ್ಟಲು ಗಿಡ ನೆಟ್ಟೆ, ಕಾಣದಿರಲಿ ಎಂದು. ನೋಡುವವರ ಕಣ್ಣಿಗೆ ಮನೆ ಮುಂದೆ ಒಂದು ಚೇಂಬರ್ ಕಟ್ಟಿಸಿ ಮುಚ್ಚಳ ಹಾಕಿಸಿದೆ. ಅದರೊಳಗೆ ಒಂದು ಹನಿ ನೀರೂ ಇರಲಿಲ್ಲ. ಹಲ್ಲಿಗಳು ಸಂಸಾರ ಮಾಡಿಕೊಂಡಿದ್ದವು.

ಕೆರೆಯ ಸಂಘಕ್ಕೆ ಅಧ್ಯಕ್ಷನಾದಾಗಲೂ ಆ ಪೈಪು ಹಾಗೇ ಇತ್ತು. ನಾಳೆ ತೆಗೆಸೋಣ, ಮಳೆ ಕಳೆಯಲಿ, ಹಬ್ಬ ಕಳೆಯಲಿ… ಹೀಗೆ.

ಮಿಸ್ ಮಾತ್ರ ಕಾಯಲಿಲ್ಲ. ಕಾರ್ಪೊರೇಷನ್ ಆಫೀಸಿಗೆ ಬಸ್ಸಿನಲ್ಲಿ ಹೋಗಿ, ಕಾರಿಡಾರಿನ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಸಾಹೇಬರು ಊಟಕ್ಕೆ ಹೋದರೆ ಬರುವವರೆಗೂ ಕೂತಿರುತ್ತಿದ್ದರು. ಒಂದು ಸಲ ನಾನೂ ಜೊತೆಗಿದ್ದೆ. ಸಾಹೇಬರು ಬೇಸತ್ತು, "ಏನಮ್ಮಾ, ಆ ಮೋರಿಗೆ ಇಷ್ಟೊಂದು ಓಡಾಡ್ತೀರಲ್ಲ" ಎಂದುಬಿಟ್ಟರು. ಮಿಸ್ ಎದ್ದು ನಿಂತರು. "ಸಾರ್, ನಮ್ಮನೆ ಬೀದಿ ಮಕ್ಕಳು ವೃಷಭಾವತೀನೂ ಮೋರಿ ಅಂತಾರೆ. ಹೊಳೆ ಅಂದ್ರೆ ನಗ್ತಾರೆ. ಅವರು ನಕ್ಕರೆ ತಪ್ಪಿಲ್ಲ, ನೋಡಿಲ್ಲ. ನೀವು ನೋಡಿದ್ದೀರಲ್ಲ?" ಸಾಹೇಬರ ಮುಖ ಸಣ್ಣದಾಯಿತು. ಅವರೂ ಅದೇ ಕಡೆಯ ಹಳ್ಳಿಯವರಂತೆ, ಆಮೇಲೆ ತಿಳಿಯಿತು.

ಅಂತೂ ಯಂತ್ರಗಳು ಬಂದವು. ಹೂಳು ತೆಗೆದರು, ಏರಿಯ ಮೇಲೆ ನಡೆಯುವ ದಾರಿ ಮಾಡಿದರು, ಕೂರಲು ಕಲ್ಲಿನ ಬೆಂಚು ಹಾಕಿದರು. ಆ ವರ್ಷದ ಮಳೆ ಕೆರೆಯನ್ನು ತುಂಬಿಸಿತು. ಹಳೆಯ ನೀರಿನ ವಾಸನೆ, ನನ್ನ ಬಾಲ್ಯದ ಆ ಹಸಿಮಣ್ಣಿನ ವಾಸನೆ, ಬೆಳಿಗ್ಗೆ ನಮ್ಮ ಮನೆವರೆಗೆ ಬರುತ್ತಿತ್ತು. ಮಿಸ್‌ಗೆ ಒಂದು ಆಸೆ ಇತ್ತು. ಒಂದು ಹರಿಗೋಲು ತರಿಸಿ ಭಾನುವಾರ ಬೀದಿಯವರನ್ನೆಲ್ಲ ಕೆರೆಯಲ್ಲಿ ಸುತ್ತಿಸಬೇಕು. "ನೀರಿನ ಮೇಲೆ ಒಂದ್ಸಲ ಕೂತೋರು ಆಮೇಲೆ ಅದಕ್ಕೆ ಕಸ ಹಾಕಲ್ಲ ಅಧ್ಯಕ್ಷರೇ, ನೋಡ್ತಾ ಇರಿ" ಎನ್ನುತ್ತಿದ್ದರು.

ಆದರೆ ಕಾಲುವೆ ಬಂದು ಸೇರುವ ಮೂಲೆಯಲ್ಲಿ ನೊರೆ ಕಾಣಿಸಿಕೊಂಡಿತು. ದಿನದಿಂದ ದಿನಕ್ಕೆ ನೀರು ಕಪ್ಪಾಯಿತು. ಒಂದು ಬೆಳಿಗ್ಗೆ ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ದಡಕ್ಕೆ ಬಂದು ಬಿದ್ದಿದ್ದವು. ಮಿಸ್ ಬರಿಗೈಯಲ್ಲಿ ಅವನ್ನು ಎತ್ತಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದುದನ್ನು ನಾನು ದೂರದಿಂದ ನೋಡಿದೆ. ಹತ್ತಿರ ಹೋಗಲಿಲ್ಲ.

ಸಂಜೆ ಮಾರಮ್ಮನ ಗುಡಿಯ ಜಗಲಿಯಲ್ಲಿ ಸಭೆ ಸೇರಿತು. ಕಾಲುವೆಯ ದಡದಲ್ಲಿ ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ತಗಡಿನ ಶೆಡ್ ಹಾಕಿಕೊಂಡಿದ್ದರು. ಎಲ್ಲರ ಬೆರಳೂ ಆ ಕಡೆಗೇ.

"ಇನ್ಯಾರು ಸಾರ್, ಶೆಡ್ಡಿನೋರ್ದೇ ಗಲೀಜು," ಎಂದ ಹಾಲಿನ ಬೂತಿನವನು.

ಅದಕ್ಕೆ ನಾನು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಶೆಡ್ ಕೀಳಿಸ್ಬಿಡೋಣ. ನಾಳೆನೇ ಆಫೀಸ್ಗೆ ಹೋಗಿ ಹೇಳ್ತೀನಿ."

ನೊರೆ ಎಲ್ಲಿಂದ ಬರುತ್ತದೆ ಎಂದು ಆ ಜಗಲಿಯ ಮೇಲೆ ಕೂತವರಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ.

ಶೆಡ್ಡಿನ ಒಬ್ಬ ಹೆಂಗಸು ಕಂಕುಳಲ್ಲಿ ಕೂಸು ಇಟ್ಟುಕೊಂಡು ಜಗಲಿಯ ಕೆಳಗೆ ನಿಂತಿದ್ದಳು. "ನಮಗ ಬಚ್ಚಲಾನ ಇಲ್ರಿ ಯಕ್ಕಾರ. ಒಂದು ಡ್ರಮ್ ನೀರಾಗ ಎಲ್ಲಾರೂ ಜಳಕ ಮಾಡ್ತೀವಿ. ಇಷ್ಟ್ ನೊರಿ ನಾವ್ ಎಲ್ಲಿಂದ ತರೂಣ್ರಿ?" ಎಂದಳು, ಮಿಸ್ ಕಡೆ ನೋಡಿ.

ಮಿಸ್ ಎದ್ದರು. "ಅವಳು ಹೇಳೋದು ಸರಿ ಇದೆ. ಭಾನುವಾರದವರೆಗೂ ಶೆಡ್ಡಿನ ಮಾತು ಬೇಡ. ಬಟ್ಟೆಗೆ ಹಾಕೋ ನೀಲಿ ಇದೆಯಲ್ಲ, ಅದನ್ನ ಕಲಸಿ ಒಂದೊಂದು ಮನೆ ಬಚ್ಚಲಲ್ಲೂ ಸುರಿಯೋಣ. ಕಾಲುವೇಲಿ ನೀಲಿ ಬಂದ್ರೆ ಆ ಮನೇದು."

"ಏನ್ ಮಿಸ್, ಡಿಟೆಕ್ಟಿವ್ ಆಗ್ಬಿಟ್ರಾ?" ಎಂದು ಯಾರೋ ನಕ್ಕರು.

"ಹೈಸ್ಕೂಲ್ ಹುಡ್ಗೀರನ್ನ ಕಾದೋಳು ಕಣಪ್ಪ ನಾನು. ಪೊಲೀಸ್ನೋರು ನನ್ಮುಂದೆ ಏನೂ ಅಲ್ಲ."

"ನಮ್ಮನೆ ಬಚ್ಚಲಿಗೆ ನೀವ್ಯಾಕೆ ಬರ್ತೀರಾ?" ಎಂದು ಒಬ್ಬ ಮನೆಯವನು ಗುರಾಯಿಸಿದ. ಅವನ ಹಿಂದೆ ಇನ್ನಿಬ್ಬರು ತಲೆ ಆಡಿಸಿದರು.

ಆ ಸಂಜೆ ನಾನು ಮಹಡಿ ಹತ್ತಿ ಅವರ ಬಾಗಿಲು ತಟ್ಟಿದೆ. ಹೇಳಿಬಿಡಬೇಕು ಎಂದೇ ಹೋಗಿದ್ದೆ ಎಂದು ನನಗೆ ನಾನು ಹೇಳಿಕೊಳ್ಳುತ್ತೇನೆ. ಆದರೆ ಬಾಯಿಂದ ಬಂದದ್ದು ಬೇರೆ. "ಮಿಸ್, ನಮ್ಮನೇದು ಬಿಡಿ. ನಮ್ದು ರೋಡ್ ಲೈನಿಗೆ ಹೋಗುತ್ತೆ. ಸುಮ್ನೆ ನೀಲಿ ದಂಡ."

ಅವರು ಶೂಗೆ ಬಿಳಿ ಪಾಲಿಶ್ ಹಚ್ಚುತ್ತಾ ಕೂತಿದ್ದರು. "ಗೊತ್ತು ಅಧ್ಯಕ್ಷರೇ. ಅದಕ್ಕೇ ಮೊದಲು ನಮ್ದು. ನಿಮ್ಮನೆ ಸರಿ ಇದೆ ಅಂತ ಎಲ್ಲರ ಕಣ್ಣೆದುರಿಗೆ ತೋರಿಸಿದ್ರೆ ಉಳಿದೋರೂ ಬಾಗ್ಲು ತೆಗೀತಾರೆ. ಸಾಲಲ್ಲಿ ಮೊದಲನೇವ್ರು ನೆಟ್ಟಗೆ ನಿಂತ್ರೆ ಹಿಂದಿನೋರು ತಾವಾಗೇ ನಿಲ್ತಾರೆ."

ಅವರು ನನ್ನನ್ನು ಅಷ್ಟು ನಂಬಿದ್ದರು. ನಾನು ಮೆಟ್ಟಿಲು ಇಳಿದು ಬಂದೆ.

ಭಾನುವಾರ ಬೆಳಿಗ್ಗೆ, ಯಾರೂ ಇನ್ನೂ ಸ್ನಾನಕ್ಕೆ ಇಳಿಯದ ಹೊತ್ತು. ಕಾಲುವೆಯ ದಡದಲ್ಲಿ ಜನ ಸಾಲಾಗಿ ನಿಂತಿದ್ದರು. ಶೆಡ್ಡಿನವರೂ ಆಚೆ ದಡದಲ್ಲಿ ನಿಂತಿದ್ದರು. ಅವರಿಗೆ ಅದು ತಮಾಷೆಯಾಗಿರಲಿಲ್ಲ, ಮನೆ ಉಳಿಯುವ ಪ್ರಶ್ನೆ. ಮಹಡಿಯಿಂದ ಸೀಟಿ ಕೇಳಿಸಿತು. ಸುರಿದಾಯಿತು ಎಂದು ಅರ್ಥ. ಮಿಸ್ ದಡದಡ ಇಳಿದು, ಹಿತ್ತಲ ದಾರಿಯಿಂದ ಬಂದು ನನ್ನ ಪಕ್ಕದಲ್ಲೇ ನಿಂತರು. ಉಸಿರು ಹತ್ತಿತ್ತು. ಕೈಬೆರಳೆಲ್ಲ ನೀಲಿ.

ನಾನು ಎಲ್ಲ ದೇವರನ್ನೂ ನೆನೆದೆ. ಚಪ್ಪಡಿಯ ಕೆಳಗೆ ಪೈಪು ಕಟ್ಟಿಕೊಂಡಿರಲಿ, ಒಡೆದು ಮಣ್ಣಿಗೆ ಇಂಗಲಿ…

ಮೊದಲು ಬಿಳಿ ನೀರು ಬಂತು. ಆಮೇಲೆ ನೀಲಿ. ದಾರದ ಹಾಗೆ ಇಳಿದು, ಹೊಗೆಯ ಹಾಗೆ ಹರಡಿ, ಎಲ್ಲರ ಕಾಲಬುಡದಲ್ಲಿ ಸಾಗಿ ಕೆರೆಯ ಕಡೆ ಹೋಯಿತು.

"ಮಿಸ್, ನೀಲಿ! ನೀಲಿ ಬಂತು!" ಎಂದು ಯಾರೋ ಕೂಗಿದರು. ಎಲ್ಲರೂ ನನ್ನ ಮುಖ ನೋಡಿದರು.

ನಾನು ಬಾಯಿ ತೆರೆಯುವ ಮೊದಲೇ ಮಿಸ್ ಮಾತಾಡಿದರು. "ನನ್ನ ಬಚ್ಚಲಿಂದೇ ಕಣ್ರಪ್ಪ. ನೀರು ಚೆಲ್ಲಿದ್ದು ನಾನು. ಇಷ್ಟು ದಿನ ನಾನೇ ಗಲೀಜು ಮಾಡಿ, ನಾನೇ ಸೀಟಿ ಊದ್ತಿದ್ದೆ." ನಗುವುದಕ್ಕೆ ನೋಡಿದರು. ಆಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡರು, ಕೆನ್ನೆಗೆ ನೀಲಿ ಹತ್ತಿತು.

ನಾನು ಏನೆಂದೆ ಗೊತ್ತೇ? "ಆ ಮೇಸ್ತ್ರಿ ಮಾಡಿದ ಕೆಲಸ. ನಂಗೊಂದು ಮಾತೂ ಹೇಳಿಲ್ಲ ನೋಡಿ." ಮೇಸ್ತ್ರಿ ಆಗಲೇ ತನ್ನ ಊರು ಸೇರಿದ್ದ. ಎದುರು ಮಾತಾಡುವುದಕ್ಕೆ ಅವನಿರಲಿಲ್ಲ. ಜನ ನಂಬಿದರು.

ಮಿಸ್ ಕಾಲುವೆಗೆ ಅಡ್ಡ ಹಾಕಿದ್ದ ಕಲ್ಲು ದಾಟಿ ನೇರವಾಗಿ ಆಚೆ ದಡಕ್ಕೆ ಹೋದರು. ಆ ಹೆಂಗಸಿನ ಎದುರು ನಿಂತು, "ತಪ್ಪು ನಮ್ದು ಕಣಮ್ಮ. ನಿಮ್ಮ ಮೇಲೆ ಹಾಕಿದ್ವಿ" ಎಂದು ಕೈ ಮುಗಿದರು. ಅವಳಿಗೆ ನಾಚಿಕೆಯಾಗಿ, "ಅಯ್ಯ, ಬಿಡ್ರೀ ಯಕ್ಕಾರ. ಬರ್ರಿ, ಚಾ ಕುಡೀರಿ" ಎಂದು ಒಳಗೆ ಕರೆದುಕೊಂಡು ಹೋದಳು. ಕ್ಷಮೆ ಕೇಳಬೇಕಾದವನು ಈಚೆ ದಡದಲ್ಲಿ ನಿಂತಿದ್ದ.

ಅವತ್ತು ಮಧ್ಯಾಹ್ನ ಮೆಟ್ಟಿಲ ಮೇಲೆ ಎದುರಾದಾಗ ಅವರು ಒಂದೇ ಒಂದು ಸಲ ಕೇಳಿದರು. "ನಿಮಗೆ ಗೊತ್ತಿತ್ತಾ?"

"ಇಲ್ಲ ಮಿಸ್. ನಮ್ಮಪ್ಪನಾಣೆ ಗೊತ್ತಿರ್ಲಿಲ್ಲ," ಎಂದೆ.

ಅವರು ನನ್ನನ್ನು ನೋಡಿದರು. "ಅಪ್ಪನ್ನ ಯಾಕೆ ಎಳೀತೀರ. ಹೋಗ್ಲಿ ಬಿಡಿ ಓನರ್ರೇ," ಎಂದು ಮೇಲೆ ಹೋದರು.

ಓನರ್ರೇ. ಅಧ್ಯಕ್ಷರೇ ಎಂದು ಮತ್ತೆ ಅವರು ನನ್ನನ್ನು ಕರೆಯಲಿಲ್ಲ. ಮಾತು ಬಿಟ್ಟರು ಎಂದಲ್ಲ. ಹಬ್ಬಕ್ಕೆ ಒಬ್ಬಟ್ಟು ಕೊಡುತ್ತಿದ್ದರು, ನನ್ನ ಹೆಂಡತಿಯ ಮಂಡಿನೋವಿಗೆ ಕಸರತ್ತು ಹೇಳಿಕೊಡುತ್ತಿದ್ದರು. ಆ ಒಂದು ಹೆಸರು ಮಾತ್ರ ಹೋಯಿತು.

ಪೈಪು ಸರಿಯಾಗುವವರೆಗೆ ಅವರು ಆ ಬಚ್ಚಲಿಗೆ ಒಂದು ಚೊಂಬು ನೀರನ್ನೂ ಬಿಡಲಿಲ್ಲ. ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ನೀರು, ಎಲ್ಲ ಬಕೆಟ್ಟಿನಲ್ಲಿ ಹೊತ್ತು ಮಹಡಿ ಇಳಿದು, ರಸ್ತೆಯ ಒಳಚರಂಡಿಯ ಬಾಯಿವರೆಗೆ ಒಯ್ದು ಸುರಿಯುತ್ತಿದ್ದರು. ಸ್ನಾನಕ್ಕೆ, ಉಳಿದದ್ದಕ್ಕೆ, ಗೆಳತಿಯೊಬ್ಬರ ಮನೆಗೆ ಹೋಗಿ ಬರುತ್ತಿದ್ದರು. ಬೇಡ ಮಿಸ್ ಎಂದರೆ, "ಗೊತ್ತಾದ ಮೇಲೆ ಹೇಗೆ ಬಿಡ್ಲಿ?" ಎನ್ನುತ್ತಿದ್ದರು. ಆ ವಯಸ್ಸಿನ ಹೆಂಗಸು ಬಕೆಟ್ ಹೊತ್ತು ನನ್ನ ಬಾಗಿಲ ಮುಂದೆ ಹಾದುಹೋಗುವುದನ್ನು ನೋಡಲಾರದೆ ನಾನು ಆಳು ಕರೆಸಿದೆ. ಗುಂಡಿ ತೋಡಿಸಿದೆ, ಪಂಪ್ ಇಡಿಸಿದೆ, ಕಾಲುವೆಯ ತೂತಿಗೆ ಸಿಮೆಂಟ್ ಹಾಕಿಸಿದೆ. ಅಗೆಯುವಾಗ ನಂದಿಬಟ್ಟಲು ಗಿಡ ಕೀಳಬೇಕಾಯಿತು. ಮಿಸ್ ಅದನ್ನು ಬೇರುಸಹಿತ ಎತ್ತಿ, ಕೆರೆಯ ಏರಿಯ ಮೇಲೆ ನೆಟ್ಟರು. ಗಿಡ ಅಲ್ಲಿ ಯಾಕಿತ್ತು ಎಂದು ಕೇಳಲಿಲ್ಲ.

ಅವರು ಹೇಳಿದ ಹಾಗೇ ಆಯಿತು. ಅಧ್ಯಕ್ಷನ ಮನೆಯದ್ದೇ ಬಯಲಾದ ಮೇಲೆ ಬೇರೆಯವರಿಗೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಒಂದೊಂದೇ ಬಾಗಿಲು ತೆರೆಯಿತು, ಕಾಲುವೆಯಲ್ಲಿ ಮತ್ತೆ ಮತ್ತೆ ನೀಲಿ ಹರಿಯಿತು. ಗುರಾಯಿಸಿದ್ದವನ ಮನೆಯದ್ದೂ ಬಂತು. ಒಬ್ಬರನ್ನು ನೋಡಿ ಒಬ್ಬರು ಸರಿ ಮಾಡಿಸಿಕೊಂಡರು. ನೊರೆ ಕಡಿಮೆಯಾಯಿತು. ಮುಂದಿನ ಮಳೆಗಾಲ ಕಳೆದ ಮೇಲೆ ಮೂಲೆಯಲ್ಲಿ ಮತ್ತೆ ಮೀನು ಎಗರಿದ್ದನ್ನು ಮೊದಲು ನೋಡಿದ್ದು ಶೆಡ್ಡಿನ ಆ ಹೆಂಗಸೇ. ಓಡಿ ಬಂದು ಮಿಸ್‌ಗೆ ಹೇಳಿದಳು.

ಹರಿಗೋಲು ಬಂದ ಭಾನುವಾರ ನಮ್ಮ ಬೀದಿಯಲ್ಲಿ ಹಬ್ಬದ ಗದ್ದಲ. ಮೊದಲ ಸುತ್ತಿಗೆ ಮಿಸ್ ಆ ಹೆಂಗಸನ್ನೂ ಅವಳ ಕೂಸನ್ನೂ ಹತ್ತಿಸಿಕೊಂಡರು. ನೀರಿನ ನಡುವಿನಿಂದ ಸೀಟಿ ಊದಿ ನನಗೂ ಕೈ ಬೀಸಿದರು, ಬನ್ನಿ ಎಂದು. ನಾನು ಹೋಗಲಿಲ್ಲ. ತಲೆ ಸುತ್ತುತ್ತೆ ಎಂದು ಹೇಳಿ ಬೆಂಚಿನ ಮೇಲೆ ಕೂತೆ. ಈಜು ಕಲಿತ ಕೆರೆಯಲ್ಲಿ ನನಗೆ ತಲೆ ಸುತ್ತುತ್ತದೆಯೇ…

ಕೆಲವು ವರ್ಷ ಕಳೆದು ಕಣ್ಣು ಮಂದವಾದಾಗ ಅವರು ತುಮಕೂರಿನ ಕಡೆ ತಂಗಿಯ ಮಗಳ ಮನೆಗೆ ಹೋದರು. ಲಾರಿಗೆ ಸಾಮಾನು ಹಾಕುವ ದಿನ ಹೇಳಬೇಕೆಂದುಕೊಂಡೆ. ಮಂಚ ಇಳಿಸುವುದಕ್ಕೆ ಕೈ ಜೋಡಿಸಿದೆ, ಹೇಳಲಿಲ್ಲ. ಒಂದು ಸಲ ಹೋಗಿ ನೋಡಿಕೊಂಡು ಬರೋಣ ಎಂದುಕೊಂಡೇ ಇದ್ದೆ. ಅವರು ತೀರಿಕೊಂಡ ಸುದ್ದಿ ಬಂದದ್ದು ತಿಥಿಯೂ ಮುಗಿದ ಮೇಲೆ.

ಅವರು ಹೋದಾಗಿನಿಂದ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಕೆರೆ ತುಂಬಿದ ಮೇಲೆ, ವರ್ಷಕ್ಕೊಂದು ಸಲ, ನಮ್ಮ ಬಚ್ಚಲಿಗೆ ನೀಲಿ ಸುರಿದು ಕಾಲುವೆಯ ಬಳಿ ಹೋಗಿ ನಿಲ್ಲುತ್ತೇನೆ. ಮನೆಯವರು ಇದನ್ನು ವಯಸ್ಸಿನ ಹುಚ್ಚು ಎಂದುಕೊಂಡಿದ್ದಾರೆ. ಮೊನ್ನೆ ಸೊಸೆಯ ಬಾಟಲಿಯಲ್ಲಿ ಉಳಿದದ್ದನ್ನೆಲ್ಲ ಸುರಿದು ಕೋಲು ಹಿಡಿದು ಹೋದೆ. ಆದರೆ ಈಗ ನನ್ನ ಕಣ್ಣಿಗೂ ಪೊರೆ ಬಂದಿದೆ. ಕಾಲುವೆಯ ಆಳದಲ್ಲಿ ನೀರು ಕಾಣುತ್ತದೆ, ಬಕೆಟ್ಟಿನಲ್ಲಿ ಕಂಡ ಹಾಗೆ ಬಣ್ಣ ಕಾಣುವುದಿಲ್ಲ. ಏರಿಯ ಬೆಂಚಿನ ಮೇಲೆ ಊಟ ತಲುಪಿಸುವ ಬೈಕಿನವನೊಬ್ಬ ತನ್ನ ಡಬ್ಬಿ ಬಿಚ್ಚಿಕೊಂಡು ಊಟ ಮಾಡುತ್ತಿದ್ದ. ಕರೆದು, "ನೀಲಿ ಏನಾದ್ರೂ ಬರ್ತಿದೆಯಾ ನೋಡಪ್ಪ" ಎಂದೆ.

ಅವನು ಬಗ್ಗಿ ನೋಡಿದ. "ಇಲ್ರೀ ಅಜ್ಜಾ. ಬರೇ ನೀರೈತಿ. ಯಾಕ್ರೀ?"

ಯಾಕೆ ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹೇಳಿದೆ. ಪೈಪು, ಗಿಡ, ಶೆಡ್ಡು, ಮಿಸ್, ಎಲ್ಲ. ಮೆಟ್ಟಿಲ ಮೇಲೆ ಹೇಳಬೇಕಾಗಿದ್ದ ಮಾತನ್ನೂ ಹೇಳಿದೆ. "ನನಗೆ ಗೊತ್ತಿತ್ತಪ್ಪ."

ಅವನು ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಂಡ. "ಆ ಟೀಚರ್ ಈಗ ಎಲ್ಲಿದಾರ್ರೀ?" ಎಂದ.

ಇಲ್ಲ ಎಂದೆ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಡಬ್ಬಿ ಮುಚ್ಚಿ, "ಹುಷಾರ್ ಹೋಗ್ರೀ ಅಜ್ಜಾ, ಅಲ್ಲಿ ಜಾರತೈತಿ" ಎಂದು ಗಾಡಿ ಹತ್ತಿದ.

ಅವನು ಹೋದ ಮೇಲೆ ನಂದಿಬಟ್ಟಲು ಗಿಡದವರೆಗೆ ನಡೆದೆ. ಈಗ ಅದು ನನ್ನ ತಲೆಗಿಂತ ಎತ್ತರ ಬೆಳೆದಿದೆ. ಅದರಾಚೆ ಅಪ್ಪನ ತೂಬು. ನೀರಿನ ಮೇಲೆ ಯಾರದೋ ಮಕ್ಕಳು ದೋಣಿ ತುಳಿಯುತ್ತಾ ಕಿರುಚಾಡುತ್ತಿದ್ದರು. ಅವರನ್ನು ಸಾಲಾಗಿ ನಿಲ್ಲಿಸುವ ಸೀಟಿ ಇರಲಿಲ್ಲ. ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ತೂಬಿನ ಕಲ್ಲಿನ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತೆ.